ಮೂಗಿನ ಪೈಪಿನ ಊಟ: ಬಾಯಿ–ಗಂಟಲಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ರೋಗಿಯ ಪೋಷಣೆ

(ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು, ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕೆನ್ನೆ, ನಾಲಿಗೆ, ದವಡೆ ಅಥವಾ ಗಂಟಲಿನ ಕ್ಯಾನ್ಸರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಯು ಬೆಂಗಳೂರಿನಿಂದಲೋ ಕೋಲಾರದಿಂದಲೋ ಊರಿಗೆ ಮರಳುವಾಗ, ಬಹುಪಾಲು ಸಂದರ್ಭಗಳಲ್ಲಿ ಮೂಗಿನಲ್ಲಿ ಒಂದು ಸಣ್ಣ ಪೈಪು ಇರುತ್ತದೆ. ಜೊತೆಯಲ್ಲಿ ಬಂದವರ ಕೈಯಲ್ಲಿ ಬಿಡುಗಡೆ ಪತ್ರ, ಮಾತ್ರೆಗಳ ಪೊಟ್ಟಣ ಮತ್ತು ದೊಡ್ಡದೊಂದು ಸಿರಿಂಜು ಇರುತ್ತವೆ. ಶಸ್ತ್ರಚಿಕಿತ್ಸಕರ ಕೆಲಸ ಅಲ್ಲಿಗೆ ಮುಗಿದಿದೆ. ಆ ದಿನದಿಂದ ಮುಂದಿನ ನಾಲ್ಕೈದು ವಾರಗಳ ಚಿಕಿತ್ಸೆ ನಡೆಯುವುದು ಅಡುಗೆಮನೆಯಲ್ಲಿ. ಈ ಅವಧಿಯಲ್ಲಿ ಆ ಪೈಪಿನ ಮೂಲಕ ಏನು ಹೋಯಿತು, ಎಷ್ಟು ಹೋಯಿತು ಎಂಬುದರ ಮೇಲೆ ಗಾಯ ಕೂಡುವುದೂ ಮುಂದಿನ ಚಿಕಿತ್ಸೆ ಸಕಾಲಕ್ಕೆ ಆರಂಭವಾಗುವುದೂ ಬಹುಮಟ್ಟಿಗೆ ನಿಂತಿದೆ. ಈ ದಿನದ ವಿಷಯ ಅಷ್ಟೇ.

ಈ ವಿಷಯವನ್ನು ಇದೇ ಭಾಗದಲ್ಲಿ ಮಾತನಾಡಲು ಕಾರಣವಿದೆ. ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಪ್ರತ್ಯೇಕಗೊಳ್ಳುವವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಆ ಅವಿಭಜಿತ ಜಿಲ್ಲೆಯಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಂಡುಬರುವುದನ್ನು, ಅದರಲ್ಲೂ ಕೆನ್ನೆಯ ಒಳಪದರದ ಕ್ಯಾನ್ಸರ್ ಮಹಿಳೆಯರಲ್ಲಿ ಅಧಿಕವಾಗಿರುವುದನ್ನು ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ತಜ್ಞರು ತಮ್ಮ ಅಧ್ಯಯನಗಳಲ್ಲಿ ದಾಖಲಿಸಿದ್ದಾರೆ. ಹೊಗೆಸೊಪ್ಪು, ಸುಣ್ಣ, ಅಡಿಕೆಯ ಉಂಡೆಯನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವುದು, ರಾತ್ರಿ ಹಾಗೆಯೇ ಮಲಗುವುದು ಇದರ ಮುಖ್ಯ ಕಾರಣ. ಕಳೆ ಕೀಳುವಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಹಸಿವು ತಡೆಯಲೆಂದು ಬಾಯಿಗೆ ಹಾಕಿಕೊಂಡ ಕಡ್ಡಿಪುಡಿ ಕೊನೆಗೆ ಊಟ ಮಾಡುವ ಬಾಯನ್ನೇ ಕಸಿದುಕೊಳ್ಳುತ್ತದೆ.

ಚಿಕಿತ್ಸೆಗೆ ಈಗ ದಾರಿಗಳಿವೆ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ಟಮಕದ ಆಸ್ಪತ್ರೆ ಹಾಗೂ ಇತರ ನೋಂದಾಯಿತ ಆಸ್ಪತ್ರೆಗಳಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಶಸ್ತ್ರಚಿಕಿತ್ಸೆಗೂ ವಿಕಿರಣ ಚಿಕಿತ್ಸೆಗೂ ಅದು ಒದಗುತ್ತದೆ. ಮನೆಯ ಒಲೆಯವರೆಗೆ ಅದು ಬರುವುದಿಲ್ಲ.

ಕಾಲದ ಲೆಕ್ಕವನ್ನು ಮೊದಲು ನೋಡಬೇಕು. ರೋಗ ಮುಂದುವರಿದ ಹಂತದಲ್ಲಿದ್ದರೆ ಶಸ್ತ್ರಚಿಕಿತ್ಸೆಯೊಂದೇ ಸಾಲದು. ನಂತರ ವಿಕಿರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ ‘ಕರೆಂಟು’, ಕೊಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ನಡೆದ ದಿನದಿಂದ ಆರು ವಾರಗಳ ಒಳಗೆ ಅದು ಆರಂಭವಾಗಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ನಿಯಮ. ತಡವಾದಷ್ಟೂ ಉಳಿದಿರಬಹುದಾದ ಕ್ಯಾನ್ಸರ್ ಕಣಗಳಿಗೆ ಬೆಳೆಯಲು ಅವಕಾಶ ಸಿಗುತ್ತದೆ. ಮೊದಲ ಹತ್ತು–ಹದಿನೈದು ದಿನಗಳು ಆಸ್ಪತ್ರೆಯಲ್ಲಿ ಕಳೆದರೆ, ಮನೆಯವರ ಪಾಲಿಗೆ ಉಳಿಯುವುದು ಸುಮಾರು ನಾಲ್ಕು ವಾರ. ಅಷ್ಟರಲ್ಲಿ ಗಾಯ ಪೂರ್ತಿ ಕೂಡಿರಬೇಕು. ಗಾಯ ಬಾಯಿ ಬಿಟ್ಟರೆ, ರೋಗಿ ನಿಲ್ಲಲಾರದಷ್ಟು ಸೊರಗಿದರೆ, ದಿನಾಂಕ ಮುಂದಕ್ಕೆ ಹೋಗುತ್ತದೆ. ಕರೆಂಟು ಆರಂಭವಾದ ಮೇಲೂ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುವ ಆ ಚಿಕಿತ್ಸೆಗೆ ರೋಗಿಯ ಮುಖದ ಅಳತೆಗೆ ಒಂದು ಮುಖವಾಡ ತಯಾರಿಸುತ್ತಾರೆ. ನಡುವೆ ತೂಕ ಬಹಳ ಇಳಿದರೆ ಆ ಮುಖವಾಡವೇ ಸಡಿಲವಾಗಿ, ಅಳತೆಯನ್ನು ಮತ್ತೆ ಮೊದಲಿನಿಂದ ತೆಗೆಯಬೇಕಾಗುತ್ತದೆ. ಆದುದರಿಂದ ಊಟ ಇಲ್ಲಿ ಆರೈಕೆಯ ಮಾತಷ್ಟೇ ಅಲ್ಲ, ಚಿಕಿತ್ಸೆಯ ಭಾಗ.

ಇನ್ನು ಪೈಪಿನ ವಿಚಾರ. ಇದಕ್ಕೆ ರೈಲ್ಸ್ ಟ್ಯೂಬ್ ಎಂದು ಹೆಸರು. ಜಾನ್ ಆಲ್‌ಫ್ರೆಡ್ ರೈಲ್ ಎಂಬ ಬ್ರಿಟಿಷ್ ವೈದ್ಯರು 1921ರಲ್ಲಿ ರೂಪಿಸಿದ್ದರಿಂದ ಆ ಹೆಸರು ಬಂದಿತು. ಮೂಗಿನಿಂದ ಗಂಟಲಿನ ಹಿಂಬದಿಯಾಗಿ ಹೊಟ್ಟೆಗೆ ಇಳಿದಿರುತ್ತದೆ. ಕೆನ್ನೆಯ ಭಾಗವನ್ನೂ ದವಡೆಯ ತುಂಡನ್ನೂ ಕತ್ತಿನ ಗಂಟುಗಳನ್ನೂ ತೆಗೆದು, ಎದೆಯ ಸ್ನಾಯುವನ್ನು ಮೇಲಕ್ಕೆ ತಿರುಗಿಸಿ ಹೊಲಿದಿರುವಾಗ, ಹೊಲಿಗೆಯ ಮೇಲೆ ಅನ್ನದ ಅಗುಳು, ಎಂಜಲು ಬೀಳದಂತೆ ಕಾಪಾಡುವುದು ಇದರ ಕೆಲಸ. ನಾಲಿಗೆಯ ಬಹುಭಾಗ ಹೋದವರಿಗೆ, ಧ್ವನಿಪೆಟ್ಟಿಗೆ ತೆಗೆದವರಿಗೆ ಇದು ಇನ್ನೂ ಅವಶ್ಯಕ. ತಿಂಗಳಿಗಿಂತ ಹೆಚ್ಚು ಕಾಲ ಬೇಕೆಂದು ಕಂಡರೆ ವೈದ್ಯರು ಹೊಟ್ಟೆಯ ಮೇಲಿನಿಂದಲೇ ನೇರವಾಗಿ ಪೈಪು ಇಡುವುದುಂಟು. ಅದಕ್ಕೆ ಮನೆಯವರು ಹೆದರಬೇಕಾಗಿಲ್ಲ, ಆಹಾರ ತಯಾರಿಸುವ ಕ್ರಮ ಹೆಚ್ಚುಕಡಿಮೆ ಒಂದೇ.

ಪೈಪು ಹಾಕಿದ ರೋಗಿಗೆ ಮನೆಗಳಲ್ಲಿ ಕೊಡುವುದೇನು? ಸಾಮಾನ್ಯವಾಗಿ ಗಂಜಿ. ನೀರಾದ ರಾಗಿ ಅಂಬಲಿ, ಅನ್ನದ ತಿಳಿ, ಬೇಳೆಕಟ್ಟು, ಎಳನೀರು. ‘ಹೊಟ್ಟೆಗೆ ಹಗುರ’ ಎಂಬ ಒಳ್ಳೆಯ ಉದ್ದೇಶದಿಂದಲೇ ಕೊಡುತ್ತಾರೆ. ಪೈಪಿನಲ್ಲಿ ಸುಲಭವಾಗಿ ಇಳಿಯುತ್ತದೆ ಎಂಬುದೂ ಒಂದು ಕಾರಣ. ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಂದು ಲೋಟ ತೆಳು ಅಂಬಲಿಯಲ್ಲಿ ಇರುವುದು ಹೆಚ್ಚೆಂದರೆ 20 ಗ್ರಾಂ ರಾಗಿ ಹಿಟ್ಟು. ಅದರಿಂದ ಸಿಗುವುದು ಸುಮಾರು 65 ಕಿಲೋ ಕ್ಯಾಲೊರಿ ಶಕ್ತಿ, ಒಂದೂವರೆ ಗ್ರಾಂನಷ್ಟು ಪ್ರೋಟೀನ್. ದಿನಕ್ಕೆ ಆರು ಲೋಟ ಹಾಕಿದರೂ 400 ಕಿಲೋ ಕ್ಯಾಲೊರಿ ಮುಟ್ಟುವುದಿಲ್ಲ, ಪ್ರೋಟೀನ್ 9 ಗ್ರಾಂ ದಾಟುವುದಿಲ್ಲ.

ಬೇಕಾದುದೆಷ್ಟು? ಇಂತಹ ಶಸ್ತ್ರಚಿಕಿತ್ಸೆಯ ನಂತರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕಿಲೋ ಕ್ಯಾಲೊರಿ ಹಾಗೂ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಪೋಷಣಾ ತಜ್ಞರು ಹೇಳುತ್ತಾರೆ. ರೋಗಿಯ ತೂಕ 50 ಕಿಲೋ ಎಂದಿಟ್ಟುಕೊಂಡರೆ ದಿನಕ್ಕೆ 1,500 ಕಿಲೋ ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್. ಆರು ಲೋಟ ಅಂಬಲಿ ಕುಡಿಸಿ ‘ದಿನವಿಡೀ ಹಾಕುತ್ತಲೇ ಇದ್ದೇವೆ’ ಎಂದು ಮನೆಯವರು ನೆಮ್ಮದಿಯಿಂದಿರುವಾಗ, ರೋಗಿಗೆ ಸಿಗುತ್ತಿರುವುದು ಬೇಕಾದ ಶಕ್ತಿಯ ಕಾಲು ಭಾಗ, ಬೇಕಾದ ಪ್ರೋಟೀನಿನ ಏಳನೆಯ ಒಂದು ಭಾಗ. ಉಳಿದುದನ್ನು ದೇಹವು ತನ್ನದೇ ಮಾಂಸಖಂಡವನ್ನು ಕರಗಿಸಿ ತುಂಬಿಕೊಳ್ಳುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಈ ಉಪವಾಸವನ್ನು ಗುರುತಿಸುವುದು ಕಷ್ಟ. ಎರಡನೆಯ ವಾರದಲ್ಲಿ ಬಟ್ಟೆ ಸಡಿಲವಾಗುತ್ತದೆ, ಮೂರನೆಯ ವಾರದಲ್ಲಿ ಹೊಲಿಗೆಯ ಅಂಚು ಬಿಳಿಚುತ್ತದೆ.

ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಿಗೆ ಲೆಕ್ಕವೇನೂ ಹೊಸದಲ್ಲ. ಡೈರಿಯಲ್ಲಿ ಹಾಲಿನ ಫ್ಯಾಟು ಅರ್ಧ ಪಾಯಿಂಟ್ ಕಡಿಮೆ ಬಂದರೆ ಕೇಳುವವರಿದ್ದಾರೆ. ರೇಷ್ಮೆಹುಳು ಸಾಕುವವರಿಗಂತೂ ಯಾವ ಜ್ವರಕ್ಕೆ ಎಷ್ಟು ಸೊಪ್ಪು, ಯಾವ ಹೊತ್ತಿಗೆ ಸೊಪ್ಪು ಎಂಬುದು ಬಾಯಿಪಾಠ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಕೊನೆಯ ಹಂತದಲ್ಲೇ ತಿನ್ನುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹಂತದಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡಿನ ತೂಕದಲ್ಲಿ ಕಾಣುತ್ತದೆ. ಅದೇ ಕಣ್ಣನ್ನು ಮನೆಯ ರೋಗಿಯ ಕಡೆಗೂ ತಿರುಗಿಸಬೇಕಾಗಿದೆ.

ಮನೆಯ ಪದಾರ್ಥಗಳಿಂದಲೇ ಒಂದು ದಿನದ ಲೆಕ್ಕ ಹೀಗೆ ಕೂಡುತ್ತದೆ. ಕಾಯಿಸಿದ ಹಾಲು ಒಂದು ಲೀಟರ್: ಸುಮಾರು 650 ಕಿಲೋ ಕ್ಯಾಲೊರಿ, 32 ಗ್ರಾಂ ಪ್ರೋಟೀನ್. ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದ ಎರಡು ಮೊಟ್ಟೆ: 145 ಕಿಲೋ ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಹುರಿಗಡಲೆ ಹಿಟ್ಟು 50 ಗ್ರಾಂ: 185 ಮತ್ತು 10. ಬೇಯಿಸಿದ ಹೆಸರುಬೇಳೆ, ಒಣ ತೂಕದಲ್ಲಿ 30 ಗ್ರಾಂ: 100 ಮತ್ತು 7. ಮೊಳಕೆ ರಾಗಿಯ ಹಿಟ್ಟು 60 ಗ್ರಾಂ: 195 ಮತ್ತು 4. ನಾಲ್ಕು ಚಮಚ ಅಡುಗೆ ಎಣ್ಣೆ: 165. ಸಕ್ಕರೆ ಅಥವಾ ಬೆಲ್ಲ 30 ಗ್ರಾಂ: 120. ಒಟ್ಟು 1,560 ಕಿಲೋ ಕ್ಯಾಲೊರಿ, 65 ಗ್ರಾಂ ಪ್ರೋಟೀನ್. 50 ಕಿಲೋ ತೂಕದ ರೋಗಿಗೆ ಬೇಕಾದ ಮಟ್ಟ ಬಂದಿತು. ಪೇಟೆಯಿಂದ ತರುವ ಡಬ್ಬಿಯ ಪುಡಿ ಇದರಲ್ಲಿ ಒಂದು ಚಮಚವೂ ಇಲ್ಲ. ಆ ಪುಡಿಗಳು ಕೆಟ್ಟವಲ್ಲ, ವೈದ್ಯರು ಬರೆದುಕೊಟ್ಟಾಗ ಅವುಗಳಿಗೆ ಸ್ಥಾನವಿದೆ. ಆದರೆ ಸಾಲ ಮಾಡಿ ಒಂದು ಡಬ್ಬಿ ತಂದು, ಅದು ತಿಂಗಳಿಡೀ ಬರಲೆಂದು ದಿನಕ್ಕೆ ಒಂದೊಂದೇ ಚಮಚ ಹಾಕುವುದರಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳುವುದು ಅಗತ್ಯ. ಎರಡು ಹಸು ಕಟ್ಟಿರುವ ಮನೆಯಲ್ಲಿಯೂ ಹಾಲೆಲ್ಲ ಬೆಳಗಾಗುವ ಮೊದಲೇ ಡೈರಿಗೆ ಹೋಗಿ, ರೋಗಿಗೆ ಅಂಬಲಿ ಉಳಿಯುವುದುಂಟು. ಹಾಲಿನ ಬಟವಾಡೆಯಿಂದಲೇ ಮನೆ ನಡೆಯುವಾಗ ಇದನ್ನು ತಪ್ಪೆನ್ನಲಾಗದು. ಆದರೂ ಈ ನಾಲ್ಕು ವಾರ ಮತ್ತು ಕರೆಂಟಿನ ಆರು ವಾರಗಳ ಮಟ್ಟಿಗೆ ದಿನಕ್ಕೆ ಒಂದು ಲೀಟರ್ ಹಾಲನ್ನು ಮನೆಯಲ್ಲಿ ಉಳಿಸಿಕೊಳ್ಳಲು ಆಶಾ ಕಾರ್ಯಕರ್ತೆಯರು ಮನವೊಲಿಸಬೇಕು. ಹಸುವಿಲ್ಲದ ಮನೆಗೆ ಸ್ವಸಹಾಯ ಸಂಘದವರು ಸರದಿಯಂತೆ ಅರ್ಧರ್ಧ ಲೀಟರ್ ಕೊಟ್ಟರೂ ಸಾಕು.

ಮೊಳಕೆ ರಾಗಿ ಏಕೆ ಎಂಬುದಕ್ಕೆ ವಿವರಣೆ ಬೇಕು. ಈ ಊಟದ ತಾಂತ್ರಿಕ ತೊಡಕೆಲ್ಲ ಇಲ್ಲಿಯೇ ಇದೆ. ಸಾಮಾನ್ಯ ರಾಗಿ ಹಿಟ್ಟನ್ನು ನೀರಿಗೆ ಹೆಚ್ಚು ಹಾಕಿ ಬೇಯಿಸಿದರೆ ಅದು ಅಂಟಾಗಿ ಗಟ್ಟಿಯಾಗುತ್ತದೆ, ಪೈಪಿನಲ್ಲಿ ಇಳಿಯುವುದಿಲ್ಲ. ಇಳಿಯಲೆಂದು ನೀರು ಸುರಿದರೆ ಮತ್ತೆ ಅದೇ ತೆಳು ಗಂಜಿ. ಮೊಳಕೆ ಕಟ್ಟಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಬೇಯಿಸುವಾಗ ಪಿಷ್ಟವನ್ನು ಒಡೆದು ಗಂಜಿಯನ್ನು ನೀರಾಗಿಸುತ್ತದೆ. ಆದುದರಿಂದ ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ, ಆದರೂ ಹರಿಯುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಇಂತಹ ತೆಳುವಾದ, ಸತ್ವಯುತವಾದ ಶಿಶು ಆಹಾರದ ಸೂತ್ರವನ್ನು ಪ್ರಕಟಿಸಿದರು. ಅವರು ಮಗುವಿನ ಸಣ್ಣ ಹೊಟ್ಟೆಗಾಗಿ ಬಿಡಿಸಿದ ಸಮಸ್ಯೆಯೇ ಸಣ್ಣ ಪೈಪಿಗೂ ಇದೆ. ಅದಕ್ಕೂ ಮೊದಲೇ ಹಳ್ಳಿಯ ತಾಯಂದಿರು ಮಕ್ಕಳಿಗೆ ರಾಗಿ ಸರಿ ಮಾಡಿ ತಿನ್ನಿಸುತ್ತಿದ್ದರು. ಮೊಮ್ಮಗುವಿಗೆ ಸರಿ ಮಾಡಿ ಗೊತ್ತಿರುವ ಅಜ್ಜಿ ಇರುವ ಮನೆಯಲ್ಲಿ ಅರ್ಧ ಕೆಲಸ ಆಗಲೇ ಆಗಿದೆ.

ಮಾಡುವ ಕ್ರಮ ಹೀಗಿದೆ. ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಬೇಕು. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಘಮ ಬರುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸಿಸಬೇಕು. ಕೆಂಪಗಾಗುವಂತೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಶ್ರಮವೆಲ್ಲ ವ್ಯರ್ಥ. ಬೇಯಿಸುವಾಗಲೂ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಕಿಣ್ವ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೊನೆಯಲ್ಲಿ ಒಂದು ಕುದಿ ಬರಿಸಬೇಕು. ಬೇಳೆ, ಮೊಟ್ಟೆ, ಹುರಿಗಡಲೆ, ಹಾಲು ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ತೆಳು ಬಟ್ಟೆಯಲ್ಲಿ ಸೋಸಬೇಕು. ಕಡಲೆಕಾಯಿ ಬೀಜ ಒಳ್ಳೆಯ ಆಹಾರವೇ ಆದರೂ ಅದರ ಸಿಪ್ಪೆ, ತರಿ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತವೆ; ಬಾಯಿಂದ ತಿನ್ನಲು ಆರಂಭಿಸಿದ ಮೇಲೆ ಅದನ್ನು ಅರೆದು ಕೊಡಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಕತ್ತಿನ ದುಗ್ಧನಾಳಕ್ಕೆ ಪೆಟ್ಟಾಗಿ ಹಾಲಿನಂತಹ ದ್ರವ ಸೋರುತ್ತಿದ್ದವರಿಗೆ ಜಿಡ್ಡು ಕಡಿಮೆ ಮಾಡಬೇಕಾಗುತ್ತದೆ. ಅಂಥವರು ಆಸ್ಪತ್ರೆಯ ಆಹಾರ ತಜ್ಞರು ಬರೆದುಕೊಟ್ಟ ಚೀಟಿಯನ್ನೇ ಅನುಸರಿಸತಕ್ಕದ್ದು.

ಮೇಲೆ ಹೇಳಿದ ಪೂರ್ತಿ ಪ್ರಮಾಣವನ್ನು ಮೊದಲ ದಿನವೇ ಹಾಕುವಂತಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಬಾಯಿ ತೆರೆಯಲಾಗದೆ, ನುಂಗಲಾಗದೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಜ್ವರ ಕಳೆದು ಎದ್ದ ರೇಷ್ಮೆಹುಳುವಿಗೆ ಮೊದಲು ಎಳೆಯ ಸೊಪ್ಪನ್ನೇ ಹಿತಮಿತವಾಗಿ ಕೊಡುವಂತೆ ಇಲ್ಲಿಯೂ ಏರಿಸುತ್ತ ಹೋಗಬೇಕು. ಆಸ್ಪತ್ರೆಯಲ್ಲಿ ಈ ಏರಿಕೆ ಆರಂಭವಾಗಿರುತ್ತದೆ. ಬಿಡುಗಡೆಯ ದಿನ ಎಷ್ಟು ಮಿ.ಲೀ. ಹೋಗುತ್ತಿತ್ತು ಎಂದು ಕೇಳಿ ಬರೆದುಕೊಂಡು ಬಂದು ಅಲ್ಲಿಂದ ಮುಂದುವರಿಸಬೇಕು. ದಿಢೀರನೆ ಕಾಲು ಊದಿದರೆ, ಏದುಸಿರು ಬಂದರೆ, ವಿಪರೀತ ನಿಶ್ಶಕ್ತಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಾಕುವ ವಿಧಾನ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ಗಂಟೆಗೊಮ್ಮೆ ಎಂಟು ಬಾರಿ, ಪ್ರತಿ ಬಾರಿ 200 ಮಿ.ಲೀ. ರೋಗಿ ಕುಳಿತಿರಬೇಕು, ಇಲ್ಲವೇ ದಿಂಬುಗಳನ್ನಿಟ್ಟು ತಲೆ ಎದೆ ಎತ್ತರಿಸಿರಬೇಕು. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಇರಬೇಕು. ಮಲಗಿಸಿ ಹಾಕಿದರೆ ಆಹಾರ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ಪ್ರತಿ ಬಾರಿಯೂ ಮೂಗಿನ ಬಳಿ ಪೈಪಿನ ಮೇಲಿರುವ ಗುರುತು ಸರಿದಿಲ್ಲವೆಂದು ನೋಡಬೇಕು. ಗುರುತು ಸರಿದಿದ್ದರೆ, ಹಾಕುವಾಗ ಕೆಮ್ಮು ಬಂದರೆ, ಕೂಡಲೇ ನಿಲ್ಲಿಸಬೇಕು. ಸಿರಿಂಜಿನ ಒತ್ತುಕೋಲನ್ನು ತೆಗೆದು, ಅದನ್ನು ಆಲಿಕೆಯಂತೆ ಎತ್ತಿ ಹಿಡಿದು, ತಾನಾಗಿ ಇಳಿಯಲು ಬಿಡುವುದು ಒಳ್ಳೆಯದು. ಎತ್ತರದ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವುದೂ ಹೀಗೆಯೇ. ಸಿರಿಂಜನ್ನು ಮೇಲೆತ್ತಿದರೆ ವೇಗ, ಇಳಿಸಿದರೆ ನಿಧಾನ. 200 ಮಿ.ಲೀ. ಇಳಿಯಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಹಿಡಿಯಬೇಕು. ಮೊದಲು ಮತ್ತು ಕೊನೆಗೆ 30 ಮಿ.ಲೀ. ನೀರು ಹಾಕಿ ಪೈಪು ತೊಳೆಯಬೇಕು. ಪೈಪು ಕಟ್ಟಿಕೊಳ್ಳುವುದಕ್ಕೆ ಅತಿ ಸಾಮಾನ್ಯ ಕಾರಣ ಈ ಕೊನೆಯ ನೀರನ್ನು ಮರೆಯುವುದು. ಎರಡನೆಯದು, ಮಾತ್ರೆಯ ಪುಡಿಯನ್ನು ಊಟದ ಜೊತೆ ಬೆರೆಸುವುದು. ಮಾತ್ರೆಯನ್ನು ಬೇರೆಯಾಗಿ ನುಣ್ಣಗೆ ಮಾಡಿ ನೀರಿನಲ್ಲಿ ಹಾಕಬೇಕು. ಯಾವ ಮಾತ್ರೆಯನ್ನು ಪುಡಿ ಮಾಡಬಾರದು ಎಂಬುದನ್ನು ವೈದ್ಯರಲ್ಲಿ ಕೇಳಿಕೊಂಡಿರಬೇಕು. ಪೈಪು ಹೊರಬಂದರೆ ಮನೆಯಲ್ಲಿ ಯಾರೂ ಒಳಗೆ ತಳ್ಳತಕ್ಕದ್ದಲ್ಲ. ಹೊಲಿಗೆ ಹರಿಯಬಹುದು, ಪೈಪು ಶ್ವಾಸನಾಳಕ್ಕೆ ಹೋಗಬಹುದು.

ನೀರಿನ ಬಗ್ಗೆ ಗ್ರಾಮ ಪಂಚಾಯಿತಿಗೆ ನೇರ ಹೊಣೆಯಿದೆ. ಈ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿದ್ದರೂ ಕ್ಯಾನು ಕೊಳೆಯಾಗಿದ್ದರೆ ಅಲ್ಲಿ ಕ್ರಿಮಿ ಸೇರುತ್ತದೆ. ಆದುದರಿಂದ ಘಟಕದ ನೀರನ್ನೇ ತಂದು, ಕುದಿಸಿ ಆರಿಸಿ ಬಳಸಬೇಕು. ಮಿಕ್ಸಿಯ ಜಾರು, ಸಿರಿಂಜು, ಸೋಸುವ ಬಟ್ಟೆ ಪ್ರತಿ ಬಾರಿ ಬಿಸಿನೀರಿನಲ್ಲಿ ತೊಳೆಯಬೇಕು. ತಯಾರಿಸಿದ ಆಹಾರವನ್ನು ಹೊರಗಿಟ್ಟರೆ ಎರಡು ಗಂಟೆಯೊಳಗೆ ಮುಗಿಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ದಿನದ ಅಡುಗೆಯನ್ನು ಬೆಳಿಗ್ಗೆಯೇ ಮಾಡಿಡುವುದು ಅಪಾಯ. ಹಿಟ್ಟುಗಳನ್ನು ಅಳೆದು ಎಂಟು ಪೊಟ್ಟಣ ಕಟ್ಟಿಟ್ಟುಕೊಂಡರೆ ಪ್ರತಿ ಹೊತ್ತಿಗೆ ಹೊಸದಾಗಿ ಕಾಯಿಸುವುದು ಅಷ್ಟೇನೂ ಹೊರೆಯಾಗದು. ಘಟಕ ಕೆಟ್ಟು ನಿಂತಾಗ ಇಂತಹ ಮನೆಗೆ ಪರ್ಯಾಯವಾಗಿ ನೀರು ಒದಗಿಸುವುದನ್ನು ನೀರಗಂಟಿಗಳಿಗೆ ಮೊದಲೇ ತಿಳಿಸಿರಬೇಕು.

ಹಳ್ಳಿಗಳಲ್ಲಿ ಇನ್ನೊಂದು ಅಡ್ಡಿ ಇದೆ, ಅದು ನಂಜು. ಗಾಯವಿದ್ದವರಿಗೆ ಮೊಟ್ಟೆ, ಮೊಸರು, ಬದನೆಕಾಯಿ, ಅವರೆಕಾಳು, ಕಡಲೆಕಾಯಿ ಕೊಟ್ಟರೆ ಕೀವು ಕಟ್ಟುತ್ತದೆ ಎಂಬ ನಂಬಿಕೆ ಹಿಂದಿನಿಂದ ಬಂದಿದೆ. ಹಿರಿಯರ ಈ ಮಾತನ್ನು ಹೀಗಳೆದರೆ ಮನೆಯ ಬಾಗಿಲು ಮುಚ್ಚುತ್ತದೆ. ಗಾಯದಲ್ಲಿ ಕೀವು ಬರುವುದು ಕ್ರಿಮಿಯಿಂದ. ಹೊಸ ಚರ್ಮ, ಹೊಸ ಮಾಂಸ ಕಟ್ಟಲು ಪ್ರೋಟೀನೇ ಇಟ್ಟಿಗೆ. ಮೊಟ್ಟೆಯನ್ನು ಒಪ್ಪದ ಮನೆಯಲ್ಲಿ ಹಟ ಹಿಡಿಯದೆ ಹಾಲು, ಬೇಳೆ, ಹುರಿಗಡಲೆಯ ಪ್ರಮಾಣ ಹೆಚ್ಚಿಸಿದರೂ ಲೆಕ್ಕ ಕೂಡುತ್ತದೆ. ಎಲ್ಲ ಪಥ್ಯವನ್ನೂ ಒಟ್ಟಿಗೇ ಮುರಿಯಬೇಕಾಗಿಲ್ಲ. ಹೊಗೆಸೊಪ್ಪಿನ ಪಥ್ಯ ಒಂದನ್ನು ಮಾತ್ರ ಬಿಗಿಯಾಗಿ ಹಿಡಿಯಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಹೊಲಿಗೆಗೆ ರಕ್ತ ಹೋಗದಂತೆ ಮಾಡುತ್ತದೆ.

ನೋಡಲು ಬರುವವರ ವಿಷಯ ಸ್ವಲ್ಪ ನಗು ತರಿಸುವಂಥದ್ದು. ಬಾಯಿ ಒಂದು ಬೆರಳು ಅಗಲವೂ ತೆರೆಯದವರಿಗೆ ಒಂದು ಕಿಲೋ ಸೇಬು, ಬಾಯೆಲ್ಲ ಹುಣ್ಣಾದವರಿಗೆ ಮೂಸಂಬಿ. ನೆಂಟರಿಗೆ ಮೊದಲೇ ಹೇಳಿಬಿಡಬಹುದು: ಬರುವಾಗ ಒಂದು ಡಜನ್ ಮೊಟ್ಟೆಯನ್ನೋ ಒಂದು ಕಿಲೋ ಹುರಿಗಡಲೆಯನ್ನೋ ತರಬೇಕು ಎಂದು.

ಅಡುಗೆ ಮಾಡುವವಳೇ ರೋಗಿಯಾದಾಗ ಏನಾಗುತ್ತದೆ? ಈ ಭಾಗದಲ್ಲಿ ಇದು ಅಪರೂಪವಲ್ಲ ಎಂಬುದನ್ನು ಆರಂಭದಲ್ಲೇ ಹೇಳಲಾಗಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಂಡು ಬದುಕಿದ ಹೆಂಗಸಿಗೆ ದಿನಕ್ಕೆ ಎಂಟು ಬಾರಿ ತನಗಾಗಿಯೇ ಒಲೆ ಹಚ್ಚಬೇಕೆನ್ನಲು ನಾಲಿಗೆ ಬಾರದು. ಕೆಲವರಿಗೆ ಆ ನಾಲಿಗೆಯೇ ಉಳಿದಿರುವುದಿಲ್ಲ. ಹಸಿವೆಂದು ಹೇಳಲು ಮಾತಿಲ್ಲ, ಬರೆದು ತೋರಿಸಲು ಅಕ್ಷರವಿಲ್ಲ. ಗಂಡ, ಮಗ ಕೂಲಿಗೆ ಹೋದ ಮೇಲೆ ಹತ್ತು ಗಂಟೆಯ ಊಟ, ಹನ್ನೆರಡರ ಊಟ, ಎರಡರ ಊಟ ತಪ್ಪುತ್ತವೆ. ಎಂಟರಲ್ಲಿ ಮೂರು ತಪ್ಪಿದರೆ ಆ ದಿನದ ಲೆಕ್ಕ ಸಾವಿರ ಕ್ಯಾಲೊರಿಗೆ ಇಳಿಯಿತು. ಇಂತಹ ಮನೆಯಲ್ಲಿ ಹಗಲಿನ ಮೂರು ಊಟಗಳಿಗೆ ಯಾರು ಹೊಣೆ ಎಂಬುದನ್ನು ಹೆಸರು ಹಿಡಿದು ನಿಶ್ಚಯಿಸಬೇಕು. ಮಗಳು, ಸೊಸೆ, ಪಕ್ಕದ ಮನೆಯಾಕೆ, ಸಂಘದ ಸದಸ್ಯೆ, ಯಾರಾದರೂ ಸರಿ. ಹೊಟ್ಟೆ ತಲುಪಿದ ಪ್ರತಿ ಊಟಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೆ ಸಂಜೆ ಗೆರೆ ಎಣಿಸಲು ಓದು ಬರೆಹ ಬೇಡ. ರೋಗಿಯೇ ಕೈಯಲ್ಲಿ ಸಿರಿಂಜು ಹಿಡಿದು ಹಾಕಿಕೊಳ್ಳಲು ಕಲಿತರೆ ಇನ್ನೂ ಉತ್ತಮ. ಕನ್ನಡಿಯ ಮುಂದೆ ಕುಳಿತು ಒಂದು ವಾರದಲ್ಲಿ ಕಲಿತವರಿದ್ದಾರೆ.

ವಾರಕ್ಕೊಮ್ಮೆ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಬೇಕು. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ, ಅದು ಗಂಭೀರ. ಮುಂದಿನ ತಪಾಸಣೆಯ ದಿನಾಂಕದವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಜ್ವರ, ಕತ್ತಿನ ಗಾಯದಿಂದ ಎಂಜಲು ಅಥವಾ ಹಾಲು ಹೊರಬರುವುದು, ಹಾಲಿನಂತಹ ದ್ರವ ಸೋರುವುದು, ನಿಲ್ಲದ ಭೇದಿ, ಇವು ಕಂಡರೆ ಅದೇ ದಿನ ಕರೆದೊಯ್ಯಬೇಕು.

ಪೈಪು ತೆಗೆದ ಮೇಲೆ ಎಲ್ಲ ರೋಗಿಗಳೂ ಮೊದಲು ಕೇಳುವುದು ಮುದ್ದೆಯನ್ನು. ಮುದ್ದೆಯನ್ನು ಅಗಿಯಬೇಕಾಗಿಲ್ಲ ನಿಜ, ಆದರೆ ಅದನ್ನು ಹಿಂದಕ್ಕೆ ತಳ್ಳಲು ನಾಲಿಗೆ ಬೇಕು. ಕೆನ್ನೆಯ ಶಸ್ತ್ರಚಿಕಿತ್ಸೆಯಾದವರಿಗೆ ಸಣ್ಣ ತುತ್ತು ಬಸ್ಸಾರಿನಲ್ಲಿ ಅದ್ದಿ ಬೇಗನೆ ಸಾಧ್ಯವಾಗಬಹುದು; ನಾಲಿಗೆಯ ಶಸ್ತ್ರಚಿಕಿತ್ಸೆಯಾದವರು ವೈದ್ಯರು ನುಂಗಿಸಿ ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಪ್ರಯತ್ನಿಸಬಾರದು. ಬಾಯಿಂದ ಆರಂಭಿಸಿದ ದಿನವೇ ಪೈಪಿನ ಊಟ ನಿಲ್ಲಿಸುವುದೂ ಸರಿಯಲ್ಲ, ಎರಡೂ ಕೆಲಕಾಲ ಜೊತೆಯಾಗಿ ನಡೆಯಬೇಕು. ಕರೆಂಟಿನ ಎರಡು ಮೂರನೆಯ ವಾರದಿಂದ ಬಾಯಿ ಹುಣ್ಣಾಗಿ ನುಂಗುವುದು ಮತ್ತೆ ಕಷ್ಟವಾಗುತ್ತದೆ; ಆಗ ಪೈಪು ಮತ್ತೆ ಹಾಕಬೇಕೆಂದರೆ ರೋಗ ಮರುಕಳಿಸಿತೆಂದು ಯಾರೂ ಎದೆಗುಂದಬಾರದು. ನುಂಗುವ ಹಾಗೂ ಮಾತಿನ ತರಬೇತಿಗೆ ಆಸ್ಪತ್ರೆಗಳ ತಜ್ಞರಲ್ಲದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಸೌಲಭ್ಯವಿದೆ.

ಕೊನೆಯದಾಗಿ ಪಂಚಾಯಿತಿಯಿಂದ ಆಗಬಹುದಾದ ಕೆಲಸ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯ ಪ್ರಕಾರ ವಾಕ್ ಮತ್ತು ಭಾಷಾ ವಿಕಲತೆಯ ವರ್ಗಕ್ಕೆ ಸೇರುತ್ತಾರೆ. ಆ ಕಾಯ್ದೆಯು ಈ ಶಸ್ತ್ರಚಿಕಿತ್ಸೆಯನ್ನು ಹೆಸರಿಸಿಯೇ ಹೇಳುತ್ತದೆ. ಕ್ಯಾನ್ಸರ್ ರೋಗಿ ಬೇರೆ, ವಿಕಲಚೇತನರು ಬೇರೆ ಎಂಬ ತಿಳಿವಳಿಕೆಯಿಂದ ಇಂಥವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅವರಿಗೆ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಹಾಕಿಸಬೇಕು. ವಿಕಲಚೇತನರ ಕಲ್ಯಾಣಕ್ಕೆಂದು ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಮೀಸಲಿಡುವ ಶೇಕಡಾ 5ರ ಅನುದಾನದಿಂದ, ನಿಯಮಾನುಸಾರ ನಿರ್ಣಯ ಕೈಗೊಂಡು, ಮಿಕ್ಸಿ, ತೂಕದ ಯಂತ್ರದಂತಹ ಸಾಧನಗಳನ್ನು ಒದಗಿಸುವ ಬಗ್ಗೆ ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದು. ಇದಕ್ಕಾಗಿ ಆಶಾ ಕಾರ್ಯಕರ್ತೆಯರು ತಮ್ಮ ವ್ಯಾಪ್ತಿಯಲ್ಲಿ ಮೂಗಿನ ಪೈಪಿನೊಡನೆ ಊರಿಗೆ ಮರಳಿದ ರೋಗಿಯ ಮಾಹಿತಿಯನ್ನು ಕುಟುಂಬದ ಒಪ್ಪಿಗೆ ಪಡೆದು ಬಂದ ವಾರದೊಳಗೆ ಪಂಚಾಯಿತಿಗೆ ತಿಳಿಸತಕ್ಕದ್ದು. ಅರ್ಜಿಯೊಂದಿಗೆ ಆಸ್ಪತ್ರೆಯ ಬಿಡುಗಡೆ ಪತ್ರದ ನಕಲು ಸಾಕು; ಮೂಲ ಪ್ರತಿಯನ್ನು ಎಲ್ಲಿಯೂ ಕೊಡದೆ ರೋಗಿಯ ಬಳಿಯೇ ಇಟ್ಟುಕೊಳ್ಳಬೇಕು, ಏಕೆಂದರೆ ಆರು ವಾರಗಳ ಲೆಕ್ಕ ಆರಂಭವಾಗುವ ಶಸ್ತ್ರಚಿಕಿತ್ಸೆಯ ದಿನಾಂಕ ಇರುವುದು ಅದರಲ್ಲಿಯೇ.